ಚಪ್ಪಾಳೆಯಲ್ಲಿ ಅನ್ನ ಬೇಯೋದಿಲ್ಲ

ಇವತ್ತು ರಾಜಕೀಯ ಬೇಡ. ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ, ರಾಜ್ಯೋತ್ಸವದ ವಿಶೇಷ ಕಾರ್ಯಕ್ರಮಕ್ಕೆ ನಾಲ್ಕು ಜನ ಹುಡುಗರ ಒಂದು ಜಾನಪದ ತಂಡವನ್ನ ಸ್ಟುಡಿಯೋಗೆ ಕರೆಸಬೇಕಿತ್ತು. ಫೋನ್ ಮಾಡಿದ್ದು ನಾನೇ. "ಪೇಮೆಂಟ್ ಅಂತ ಏನೂ ಇರಲ್ಲಪ್ಪ, ಆದ್ರೆ ಒಳ್ಳೆ ಪ್ರಚಾರ ಸಿಗುತ್ತೆ" ಅಂದೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಸಾರ್, ಬರ್ತೀವಿ" ಅಂದ. ಬಂದರು. ಚೆನ್ನಾಗಿ ಹಾಡಿದರು. ಟೀ ಬ್ರೇಕಲ್ಲಿ ಆ ಹುಡುಗ ಫ್ಲೋರ್ ಕಡೆ ನೋಡ್ತಾ ಕೇಳಿದ: "ಸಾರ್, ಲೈಟ್ ನೋಡ್ಕೊಳ್ತಿರೋ ಆ ಅಣ್ಣಂಗೆ ತಿಂಗಳ ಸಂಬಳ ಅಲ್ವಾ?" ಹೌದು ಅಂದೆ. "ಮೇಕಪ್ ಅಕ್ಕಂಗೆ?" ಹೌದು. "ಟೀ ತಂದ್ರಲ್ಲ, ಅವರಿಗೆ?" ಅವರಿಗೂ ಇದೆ ಅಂದೆ. ಅವನು ಮುಂದೆ ಕೇಳಲಿಲ್ಲ. ಅವನ ದನಿಯಲ್ಲಿ ಕೋಪವೂ ಇರಲಿಲ್ಲ. ಟೀ ಕುಡಿದು ಮತ್ತೆ ಹೋಗಿ ಹಾಡಿದ.

ಅವನು ರಾತ್ರಿ ಬೈಕಿನಲ್ಲಿ ಊಟದ ಪಾರ್ಸಲ್ ಡೆಲಿವರಿ ಮಾಡ್ತಾನೆ ಅಂತ ಆಮೇಲೆ ಗೊತ್ತಾಯ್ತು.

ಅವತ್ತು ಮನೆಗೆ ಹೋಗ್ತಾ ನನ್ನ ಮೊದಲ ಕೆಲಸ ನೆನಪಾಯ್ತು. ನಾನು ಓದಿದ್ದು ಇಂಜಿನಿಯರಿಂಗ್. ಕಾಲೇಜು ಮುಗಿಸಿ ಸಾಫ್ಟ್‌ವೇರ್ ಕಂಪನಿ ಸೇರಿದಾಗ ಮೊದಲು ಕೆಲವು ತಿಂಗಳು ಬರೀ ಟ್ರೈನಿಂಗ್. ಆ ಅವಧಿಯಲ್ಲಿ ನಾನು ಬರೆದ ಒಂದೇ ಒಂದು ಸಾಲು ಕೋಡ್ ಕಂಪನಿಗೆ ಉಪಯೋಗಕ್ಕೆ ಬಂದಿರಲಿಕ್ಕಿಲ್ಲ. ಆದರೂ ತಿಂಗಳ ಕೊನೆಗೆ ಸಂಬಳ ಬರ್ತಿತ್ತು, ಮಧ್ಯಾಹ್ನ ಕ್ಯಾಂಟೀನ್ ಊಟ ಇತ್ತು. ಈ ಹುಡುಗ ಇವತ್ತು ಕಲೀತಿದ್ದಾನೆ, ನಾಳೆ ಕೆಲಸಕ್ಕೆ ಬರ್ತಾನೆ, ಅಲ್ಲಿವರೆಗೆ ಇವನು ಬದುಕಬೇಕು ಅನ್ನೋ ಲೆಕ್ಕ ಅದು. ಇಂಜಿನಿಯರ್‌ಗೆ ಇರೋ ಈ ಲೆಕ್ಕ ಕಲಾವಿದನಿಗೆ ಯಾಕಿಲ್ಲ?

ಈ ಪ್ರಶ್ನೆ ಹಿಡ್ಕೊಂಡು ಹಳೆಯ ಪುಟಗಳನ್ನ ತಿರುವಿ ಹಾಕಿದೆ. ನೋಡಿದರೆ ಆಶ್ಚರ್ಯ. ನಮ್ಮ ನಾಡಲ್ಲಿ ಈ ಲೆಕ್ಕ ಇತ್ತು. ನಾವು ಇವತ್ತು ಹೆಮ್ಮೆಯಿಂದ ಹೇಳ್ಕೊಳ್ಳೋ ದೊಡ್ಡ ಕಲಾವಿದರಲ್ಲಿ ಎಷ್ಟೋ ಜನರ ಹಿಂದೆ, ಅವರು ಏನೂ ಆಗಿಲ್ಲದ ಕಾಲದಲ್ಲಿ ಅವರ ಊಟದ ಜವಾಬ್ದಾರಿ ಹೊತ್ತವರು ಯಾರೋ ಒಬ್ಬರು ಇದ್ದರು.

ಮೊದಲು ಅರಮನೆಯಿಂದ ಶುರು ಮಾಡೋಣ. ಮೈಸೂರಿನ ಕೆ. ವೆಂಕಟಪ್ಪ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಓಡಾಡಿದವರು ವೆಂಕಟಪ್ಪ ಕಲಾ ಗ್ಯಾಲರಿಯ ಬೋರ್ಡ್ ನೋಡಿರ್ತೀರಿ. ಅವರೇ ಇವರು. ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಹುಡುಗ. ಕೈಯಲ್ಲಿ ವಿದ್ಯೆ ಇದೆ, ಮುಂದೆ ಕಲಿಯೋಕೆ ದುಡ್ಡಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವಿದ್ಯಾರ್ಥಿವೇತನ ಕೊಟ್ಟು ಅವರನ್ನ ಕಲ್ಕತ್ತಾದ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಅಲ್ಲಿ ಗುರು ಅವನೀಂದ್ರನಾಥ ಟಾಗೋರ್, ಜೊತೆಯಲ್ಲಿ ಕಲಿತವರು ನಂದಲಾಲ್ ಬೋಸ್. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಹೆಸರಲ್ಲಿ 1913ರಲ್ಲಿ ಬಂದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಪುಸ್ತಕದಲ್ಲಿ ಈ ಮೈಸೂರು ಹುಡುಗನ ಚಿತ್ರಗಳೂ ಇದ್ದವು. ವಾಪಸ್ ಬಂದ ಮೇಲೆ ಅರಮನೆಯ ಕೆಲಸ. ಅದರ ಜೊತೆಗೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಪಾಠ. ಒಬ್ಬ ಕಲಾವಿದನಿಗೆ ಇನ್ನೇನು ಬೇಕು?

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಅರಮನೆಗಾಗಿ ವೆಂಕಟಪ್ಪ ಮಾಡ್ತಿದ್ದ ಉಬ್ಬುಶಿಲ್ಪಗಳ ಕೆಲಸ ಅರ್ಧಕ್ಕೆ ನಿಂತಿತು. ಅವರು ಮೈಸೂರು ಬಿಟ್ಟು ಬೆಂಗಳೂರಿಗೆ ಬಂದರು. 1965ರಲ್ಲಿ ಕಣ್ಣು ಮುಚ್ಚೋವರೆಗೂ ಒಂಟಿಯಾಗಿಯೇ ಬದುಕಿದರು. ನಾಲ್ವಡಿಯವರ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ಮನೆ ಒಂದೇ ಕಂಬದ ಮೇಲೆ ನಿಂತಿತ್ತು. ಕಂಬ ಬಿದ್ದ ದಿನ ಮನೆಯೂ ಅಲುಗಾಡಿತು.

ಈಗ ಇನ್ನೊಂದು ಮನೆ ನೋಡೋಣ. ಇದಕ್ಕೆ ರಾಜ ಇಲ್ಲ, ಟಿಕೆಟ್ ಕೌಂಟರ್ ಇದೆ. ಗುಬ್ಬಿ ಕಂಪನಿ.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಅದಕ್ಕೆ ಬಾಲನಟನಾಗಿ ಸೇರಿದ ವೀರಣ್ಣ ಮುಂದೆ ಅದರ ಯಜಮಾನರೇ ಆದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನ ರಂಗದ ಮೇಲೆ ತಂದ ಕಥೆ ನಿಮಗೆಲ್ಲ ಗೊತ್ತು. ನನಗೆ ಆನೆಗಿಂತ ದೊಡ್ಡದಾಗಿ ಕಾಣೋದು ಕಂಪನಿಯ ಅಡುಗೆಮನೆ. ನಾಟಕ ಕಂಪನಿ ಅಂದರೆ ಒಂದು ಓಡಾಡೋ ಊರು. ನಟರು, ಹಾರ್ಮೋನಿಯಂ ಮಾಸ್ತರು, ಪರದೆ ಬರೆಯೋರು, ಲೈಟಿನೋರು ಎಲ್ಲರಿಗೂ ಒಂದೇ ಕಡೆ ಒಲೆ. ಹೊಸದಾಗಿ ಬಂದ ಹುಡುಗ ಮೊದಲು ಪರದೆ ಎಳೀತಾನೆ, ಕೋರಸ್‌ನಲ್ಲಿ ನಿಲ್ತಾನೆ, ಸಣ್ಣ ಪಾತ್ರ ಸಿಗುತ್ತೆ. ಕಲಿಯೋದು ಅಲ್ಲೇ, ತಪ್ಪು ಮಾಡೋದು ಅಲ್ಲೇ, ಉಣ್ಣೋದೂ ಅಲ್ಲೇ. ನಾನು ಹೇಳಿದ ಟ್ರೈನಿಂಗ್ ಪೀರಿಯಡ್ ಇದೇ ಅಲ್ವಾ?

ಗಾಜನೂರಿನ ಮುತ್ತುರಾಜ ಅನ್ನೋ ಹುಡುಗ ಬೆಳೆದಿದ್ದು ಈ ಲೋಕದಲ್ಲಿ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕಂಪನಿಯ ನಟರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ ಆ ಹುಡುಗ ರಾಜ್‌ಕುಮಾರ್ ಆದ. ಅದೇ ಸಿನಿಮಾದಲ್ಲಿ ನರಸಿಂಹರಾಜು ಇದ್ದರು, ಜಿ.ವಿ. ಅಯ್ಯರ್ ಇದ್ದರು. ಅವರೂ ಕಂಪನಿಯ ಅನ್ನ ಉಂಡು ಬಂದವರೇ. ನಾವು ಅಣ್ಣಾವ್ರು ನಾಯಕರಾದ ಮೊದಲ ಸಿನಿಮಾ ಅಂತ 1954ನ್ನ ನೆನಪಿಟ್ಕೋತೀವಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ, ಯಾರೂ ಗುರುತಿಸದ ಸಣ್ಣ ಪಾತ್ರಗಳ ಕಾಲದಲ್ಲಿ, ಅವರನ್ನ ಹಿಡಿದಿಟ್ಟದ್ದು ಕಂಪನಿ.

ಇನ್ನೊಬ್ಬ ಹುಡುಗನ ಕಥೆ ಇನ್ನೂ ಚೆನ್ನಾಗಿದೆ. ದಕ್ಷಿಣ ಕನ್ನಡದ ಬಂಟ್ವಾಳದ ಹತ್ತಿರ ಮಂಚಿ ಅಂತ ಊರು. ಅಲ್ಲಿಂದ ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತ. ಇವನಿಗೆ ಓದುವ ಶಕ್ತಿ ಇದೆ ಅಂತ ಕಂಡುಕೊಂಡ ವೀರಣ್ಣನವರು ಹಿಂದಿ ಎಂ.ಎ. ಮಾಡೋಕೆ ಅವರನ್ನ ಬನಾರಸ್‌ಗೆ ಕಳಿಸಿದರು. ಅಲ್ಲಿ ಕಾರಂತರು ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು. ಸ್ವಲ್ಪ ಯೋಚನೆ ಮಾಡಿ. ನಾಟಕದ ಯಜಮಾನ, ತನ್ನ ಕಂಪನಿಯ ಹುಡುಗನನ್ನ ಓದೋಕೆ ದೂರ ಕಳಿಸ್ತಾರೆ. ಅವನು ವಾಪಸ್ ಬರ್ತಾನೆ ಅನ್ನೋ ಗ್ಯಾರಂಟಿ ಏನೂ ಇಲ್ಲ. ನಮ್ಮ ಇವತ್ತಿನ ಕಂಪನಿಗಳಾದರೆ ಮೊದಲು ಬಾಂಡ್ ಬರೆಸಿಕೊಳ್ತಿದ್ದವು!

ಹಾಗಂತ ಕಂಪನಿ ಕಾಲವನ್ನ ಸ್ವರ್ಗ ಅಂತ ನಾನು ಹೇಳಲ್ಲ. ಕಲೆಕ್ಷನ್ ಇಲ್ಲದ ಊರಿನಲ್ಲಿ ಸಂಬಳ ನಿಲ್ತಿತ್ತು. ಮಳೆಗಾಲ ಅಂದರೆ ಭಯ. ಸಿನಿಮಾ ಬಂದ ಮೇಲೆ ಎಷ್ಟೋ ಕಂಪನಿಗಳು ಪರದೆ ಸುತ್ತಿಟ್ಟವು. ಆ ಪರದೆಗಳ ಹಿಂದೆ ಬದುಕಿದ್ದ ನೂರಾರು ನಟ ನಟಿಯರು ಮುಪ್ಪಿನಲ್ಲಿ ಕಷ್ಟಪಟ್ಟರು. ಇಲ್ಲೂ ಒಂದೇ ಕಂಬ. ಅದರ ಹೆಸರು ಟಿಕೆಟ್.

ಇನ್ನು ಉತ್ತರ ಕರ್ನಾಟಕಕ್ಕೆ ಬನ್ನಿ. ಗದಗದ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ ಕುಮಾರ ಸ್ವಾಮಿಗಳು ಒಬ್ಬ ಕುರುಡು ಬಾಲಕನ ಕಂಠ ಕೇಳಿ, ಅವನಿಗೆ ಸಂಗೀತ ಕಲಿಸೋ ವ್ಯವಸ್ಥೆ ಮಾಡಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿ ಕಲಿತ ಅವರು ತಮ್ಮ ಹಾಗೇ ಕಣ್ಣಿಲ್ಲದ ಮಕ್ಕಳನ್ನ, ಬಡವರ ಮಕ್ಕಳನ್ನ ಸೇರಿಸಿಕೊಂಡು ಪಾಠ ಹೇಳಿದರು. ಬಸವರಾಜ ರಾಜಗುರು ಇವರ ಶಿಷ್ಯರು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಕಣ್ಣಿಲ್ಲದವರೇ.

ಇಲ್ಲಿ ಊಟ ಬಂದದ್ದು ಎಲ್ಲಿಂದ? ಭಕ್ತರ ಜೋಳಿಗೆಯಿಂದ. ಜೊತೆಗೆ ನಾಟಕದಿಂದ! ಪುಟ್ಟರಾಜರು ತಾವೇ ನಾಟಕ ಬರೆದು, ಆಶ್ರಮದ ನಾಟಕ ಸಂಘ ಕಟ್ಟಿಕೊಂಡು ಊರೂರು ತಿರುಗಿದರು. ಆ ದುಡ್ಡು ಮಕ್ಕಳ ತಟ್ಟೆಗೆ ಹೋಯ್ತು. ಇವತ್ತು ಧಾರವಾಡದ ಪಂಡಿತ್ ವೆಂಕಟೇಶ್ ಕುಮಾರ್ ಅವರ ಗಾಯನಕ್ಕೆ ದೇಶವೇ ತಲೆದೂಗುತ್ತೆ. ಅವರು ಈ ಆಶ್ರಮದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು ಕಲಿತವರು. ಹತ್ತು ವರ್ಷ! ನಾಲ್ಕು ವರ್ಷದ ಇಂಜಿನಿಯರಿಂಗ್‌ಗೇ ನಮ್ಮಪ್ಪ ಸಾಲ ಮಾಡಿದ್ದರು. ಹತ್ತು ವರ್ಷ ಊಟ ಹಾಕಿ, ಪಾಠ ಹೇಳಿ, ಫೀಸು ಕೇಳದ ಜಾಗ ಅದು.

ಈಗ ನನ್ನ ಸ್ವಂತ ಮನೆತನಕ್ಕೆ ಬರ್ತೀನಿ. ಅಂದರೆ ಪ್ರಸಾರ ಮಾಧ್ಯಮ. ನಮ್ಮ ಟಿವಿಗೆ ಹಿರಿಯಣ್ಣ ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಖಾಸಗಿಯಾಗಿ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಮುಂದೆ ಅದೇ ಹೆಸರು ಇಡೀ ದೇಶದ ರೇಡಿಯೋಗೆ ಬಂತು. 1950ರಲ್ಲಿ ಧಾರವಾಡ ಕೇಂದ್ರ ಬಂತು. ಮಲ್ಲಿಕಾರ್ಜುನ ಮನ್ಸೂರರಂಥ ಗಾಯಕರು ಅಲ್ಲಿ ಸಂಗೀತ ಸಲಹೆಗಾರರಾಗಿ ಕೂತರು.

ರೇಡಿಯೋದಲ್ಲಿ ಒಂದು ನಿಯಮ ಇತ್ತು, ಇವತ್ತೂ ಇದೆ. ಕಲಾವಿದ ಆಡಿಷನ್ ಕೊಡಬೇಕು. ಪಾಸಾದರೆ ಗ್ರೇಡ್: ಬಿ, ಬಿ-ಹೈ, ಎ, ಟಾಪ್. ಪ್ರತಿ ಗ್ರೇಡಿಗೂ ಇಷ್ಟು ಸಂಭಾವನೆ ಅಂತ ನಿಗದಿ. ಕಾರ್ಯಕ್ರಮಕ್ಕೆ ಕರೆದರೆ ಮೊದಲೇ ಕಾಂಟ್ರಾಕ್ಟ್ ಕೈಗೆ ಬರುತ್ತೆ, ಹಾಡಿದರೆ ದುಡ್ಡು ಬರುತ್ತೆ. ಇದರ ಜೊತೆಗೆ ನಿಲಯದ ಕಲಾವಿದರು ಅಂತ ತಿಂಗಳ ಸಂಬಳದವರು ಬೇರೆ. ತಬಲಾ, ಪಿಟೀಲು, ವೀಣೆ, ತಂಬೂರಿ ಹಿಡಿದು ಎಷ್ಟೋ ಸಂಸಾರಗಳು ಆ ಸಂಬಳದಲ್ಲಿ ಬದುಕಿದವು. ಹಳ್ಳಿಯಿಂದ ಬಂದ ಹುಡುಗನ ಲೆಟರ್‌ಹೆಡ್ ಮೇಲೆ 'ಆಕಾಶವಾಣಿ ಕಲಾವಿದ' ಅಂತ ಬಂದರೆ, ಊರಿನ ಗಣೇಶೋತ್ಸವದವರೂ ನಾಲ್ಕು ಕಾಸು ಹೆಚ್ಚು ಕೊಡ್ತಿದ್ದರು.

ರೇಡಿಯೋ ಕೂಡ ಪ್ರಚಾರ ಕೊಡ್ತಿತ್ತು ಸ್ವಾಮಿ. ನಮಗಿಂತ ಹೆಚ್ಚೇ ಕೊಡ್ತಿತ್ತು. ಆದರೆ ದುಡ್ಡು ಕೊಟ್ಟು, ಅದರ ಮೇಲೆ ಪ್ರಚಾರ ಕೊಡ್ತಿತ್ತು. ದುಡ್ಡಿನ ಬದಲು ಪ್ರಚಾರ ಅನ್ನೋದನ್ನ ಕಲಿಸಿದ್ದು ನಾವು, ಅದರ ತಮ್ಮಂದಿರು. ಈ ಮಾತು ಬರೆಯೋವಾಗ ನನಗೆ ನಾಚಿಕೆ ಆಗುತ್ತೆ.

ರಾಜ ಇಲ್ಲ, ಯಜಮಾನ ಇಲ್ಲ, ಮಠ ಇಲ್ಲ. ಕಲಾವಿದರೇ ಸೇರಿ ಏನಾದರೂ ಮಾಡಬಹುದಾ? ಇದಕ್ಕೆ ಉತ್ತರ ಪಕ್ಕದ ಮದ್ರಾಸಿನಲ್ಲಿ ಸಿಕ್ಕಿತು. ಅಲ್ಲಿನ ಕಲಾಶಾಲೆಯ ಪ್ರಿನ್ಸಿಪಾಲ್ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ವಿದ್ಯಾರ್ಥಿಗಳನ್ನ ನೋಡ್ತಿದ್ದರು. ಕೋರ್ಸ್ ಮುಗೀತಿದ್ದ ಹಾಗೆ ಒಳ್ಳೊಳ್ಳೆ ಹುಡುಗರು ಕುಂಚ ಬಿಟ್ಟು ಬೇರೆ ಕೆಲಸ ಹುಡುಕ್ತಿದ್ದರು. ಚಿತ್ರ ಬರೆದರೆ ಕೊಳ್ಳೋರಿಲ್ಲ. ಆಗ ಅವರೆಲ್ಲ ಸೇರಿ ಬಾಟಿಕ್ ಬಟ್ಟೆ, ಕರಕುಶಲ ವಸ್ತುಗಳನ್ನ ಮಾಡಿ ಮಾರಿದರು. ಆ ದುಡ್ಡಲ್ಲಿ ಸಮುದ್ರದ ಪಕ್ಕ ಜಮೀನು ಕೊಂಡರು. 1966ರಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಹುಟ್ಟಿತು. ದಿನದ ಸ್ವಲ್ಪ ಹೊತ್ತು ಹೊಟ್ಟೆಪಾಡಿನ ಕರಕುಶಲ, ಉಳಿದ ಹೊತ್ತು ತಮ್ಮ ಚಿತ್ರ, ತಮ್ಮ ಶಿಲ್ಪ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ ಅದನ್ನ ಕಟ್ಟಿದವರಲ್ಲಿ ಒಬ್ಬರು. ಬಾಟಿಕ್ ಮಾಡಿದ್ದಕ್ಕೆ ಅವರ ಕಲೆ ಸಣ್ಣದಾಗಲಿಲ್ಲ. ಬಾಟಿಕ್ ಇದ್ದಿದ್ದಕ್ಕೆ ಕಲೆ ಉಳೀತು.

ಅಂಥದ್ದೇ ಕೆಲಸ ನಮ್ಮ ಮಲೆನಾಡಲ್ಲೂ ಆಯ್ತು, ಬೇರೆ ದಾರಿಯಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಿಕೆ ತೋಟಗಳ ಮಧ್ಯೆ ಒಂದು ಹಳ್ಳಿ. 1949ರಲ್ಲಿ ಊರಿನವರು ಸೇರಿ ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ನೀನಾಸಂ. ಕೆ.ವಿ. ಸುಬ್ಬಣ್ಣನವರು ಅದನ್ನ ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯ್ತು. ಹಳ್ಳಿಯ ಹುಡುಗ ಹುಡುಗಿಯರು ಬಂದು ನಾಟಕ ಕಲಿತರು. ಕಲಿತ ಮೇಲೆ? ಅದೇ ಹಳೇ ಪ್ರಶ್ನೆ. ಕಲಿಸಿದವರಿಗೂ ಅದು ಕಾಡಿತು. 1985ರಲ್ಲಿ 'ತಿರುಗಾಟ' ಹೊರಟಿತು. ಆಯ್ದ ನಟರಿಗೆ ಆ ವರ್ಷ ಅದೇ ಕೆಲಸ. ಕೆಲವು ನಾಟಕ ಕಟ್ಟಿಕೊಂಡು ಕರ್ನಾಟಕದ ಊರೂರಿಗೆ ಹೋಗೋದು, ಊರಿನವರು ಕರೆಸಿ, ಜಾಗ ಕೊಟ್ಟು, ಊಟ ಹಾಕಿ, ಪ್ರದರ್ಶನ ಮಾಡಿಸೋದು. ಕಂಪನಿ ನಾಟಕದ ಓಡಾಟ ಮತ್ತೆ ಬಂತು, ಆದರೆ ಭಾರ ಒಬ್ಬ ಯಜಮಾನನ ತಲೆ ಮೇಲಿರಲಿಲ್ಲ. ನೂರಾರು ಊರುಗಳ ಸಣ್ಣ ಸಣ್ಣ ಕೈಗಳು ಹಿಡಿದವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಲ್ಲಿದೆ ಅಂತ ದೇಶ ಹುಡುಕಿತು.

ಮತ್ತೆ ನಮ್ಮ ಮಂಚಿಯ ಹುಡುಗ ಏನಾದ? ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಮುಂದೆ ಅದರ ನಿರ್ದೇಶಕರೇ ಆದರು. ಭೋಪಾಲ್‌ನಲ್ಲಿ ರಂಗಮಂಡಲ ಕಟ್ಟಿದರು. 1989ರಲ್ಲಿ ಕರ್ನಾಟಕ ಸರ್ಕಾರ ಕರೆದಾಗ ಮೈಸೂರಿಗೆ ಬಂದು ರಂಗಾಯಣ ಕಟ್ಟಿದರು. ಅಲ್ಲಿ ಏನು ವಿಶೇಷ? ನಟರಿಗೆ ತಿಂಗಳ ಸಂಬಳ. ನಾಟಕ ಮಾಡೋದೇ ಉದ್ಯೋಗ. ವೀರಣ್ಣನವರು ಒಬ್ಬ ಓಡಿ ಬಂದ ಹುಡುಗನಿಗೆ ಕೊಟ್ಟ ಅನ್ನ, ಎಷ್ಟೋ ದಶಕಗಳಾದ ಮೇಲೆ ಒಂದು ತಂಡಕ್ಕೇ ಸಂಬಳವಾಗಿ ವಾಪಸ್ ಬಂತು. ಇದನ್ನ ನಾನು ಕಥೆ ಕಟ್ಟಿ ಹೇಳ್ತಿಲ್ಲ, ಇಸವಿಗಳೇ ಹೇಳ್ತಿವೆ.

ಈಗ ಇವತ್ತಿಗೆ ಬರೋಣ. ಸರ್ಕಾರ ಏನೂ ಮಾಡ್ತಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ: 18ರಿಂದ 25 ವರ್ಷದವರಿಗೆ, ಎರಡು ವರ್ಷ, ತಿಂಗಳಿಗೆ 5,000 ರೂಪಾಯಿ. ಬೆಂಗಳೂರಿನಲ್ಲಿ 5,000ಕ್ಕೆ ಪಿ.ಜಿ. ರೂಮ್ ಸಿಗುತ್ತಾ ನೀವೇ ಹೇಳಿ. ನಮ್ಮ ರಾಜ್ಯದಲ್ಲಿ ಕಷ್ಟದಲ್ಲಿರೋ ಹಿರಿಯ ಕಲಾವಿದರಿಗೆ ಮಾಸಾಶನ ಇದೆ. ಅದು ಬೇಕೇ ಬೇಕು, ಇನ್ನೂ ಹೆಚ್ಚಾಗಬೇಕು. ಆದರೆ ಅದಕ್ಕೆ ಅರ್ಜಿ ಹಾಕಬೇಕಾದರೆ 58 ವರ್ಷ ಆಗಿರಬೇಕು. ಇಪ್ಪತ್ತೆರಡರ ಹುಡುಗನಿಗೆ ನಾವು ಹೇಳ್ತಿರೋದು ಇಷ್ಟೇ: ಮಗು, ಇನ್ನು ಮೂವತ್ತಾರು ವರ್ಷ ಹೇಗೋ ಬದುಕು, ಕಷ್ಟದಲ್ಲೇ ಇರು, ಆಮೇಲೆ ಬಾ.

ಇಷ್ಟು ಇತಿಹಾಸ ಓದಿದ ಮೇಲೆ ಇಂಜಿನಿಯರ್ ಬುದ್ಧಿಗೆ ಕಾಣೋದು ಇದು. ಅರಮನೆ, ಕಂಪನಿ, ಆಶ್ರಮ, ರೇಡಿಯೋ, ಕಲಾವಿದರ ಗ್ರಾಮ, ತಿರುಗಾಟ. ಎಲ್ಲವೂ ಬೇರೆ ಬೇರೆ. ಆದರೂ ಎಲ್ಲವೂ ಕೊಟ್ಟಿದ್ದು ಒಂದೇ: ಕಲಿತ ದಿನಕ್ಕೂ ಹೆಸರು ಬಂದ ದಿನಕ್ಕೂ ನಡುವಿನ ವರ್ಷಗಳಲ್ಲಿ ಊಟ, ಜಾಗ ಮತ್ತು ದಿನಾ ಮಾಡೋಕೆ ಕೆಲಸ. ಆ ವರ್ಷಗಳಲ್ಲೇ ನಮ್ಮ ಹುಡುಗರು ಕಳೆದುಹೋಗೋದು. ಪ್ರತಿಭೆ ಇಲ್ಲದೆ ಹೋದವರಿಗಿಂತ ಬಾಡಿಗೆ ಕಟ್ಟೋಕಾಗದೆ ಹೋದವರೇ ಹೆಚ್ಚು ಅಂತ ನನ್ನ ಅನುಮಾನ. ಇನ್ನೊಂದು ಪಾಠವೂ ಇದೆ. ಒಂದೇ ಕಂಬ ನಂಬಬಾರದು. ಕಂಬ ಹೆಚ್ಚಾಗಬೇಕು. ಅದರಲ್ಲಿ ಒಂದು ಕಂಬ ನೀವು, ಒಂದು ನಾನು.

ನಾವು ಏನು ಮಾಡಬಹುದು? ದೊಡ್ಡ ಮಾತು ಬೇಡ. ನಿಮ್ಮ ಅಪಾರ್ಟ್‌ಮೆಂಟ್‌ನ ರಾಜ್ಯೋತ್ಸವಕ್ಕೆ ಶಾಮಿಯಾನದವನಿಗೆ, ಅಡುಗೆಯವರಿಗೆ ಮೊದಲೇ ಅಡ್ವಾನ್ಸ್ ಕೊಡ್ತೀರಲ್ಲ, ಹಾಡೋ ಹುಡುಗಿಗೂ ಅದೇ ದಿನ ಕೊಡಿ. ಶಾಲು, ಹಾರ, ಹಣ್ಣಿನ ಬುಟ್ಟಿಗೆ ಖರ್ಚು ಮಾಡೋದನ್ನ ಕವರ್‌ನಲ್ಲಿ ಹಾಕಿ. ನಾಟಕಕ್ಕೆ ಹೋದರೆ ಪಾಸ್ ಕೇಳಬೇಡಿ, ಟಿಕೆಟ್ ತಗೊಳ್ಳಿ. ಮನೆಯ ಗೋಡೆಗೆ ಪ್ರಿಂಟ್ ಹಾಕೋ ಬದಲು ಊರಿನ ಹೊಸ ಚಿತ್ರಕಾರನ ಒಂದು ಚಿತ್ರ ಕೊಳ್ಳಿ. ಕಲಾವಿದರಿಗೂ ಒಂದು ಮಾತು. ತಮ್ಮಂದಿರೇ, ತಂಗಿಯರೇ, "ಎಷ್ಟು ಕೊಡ್ತೀರಿ?" ಅಂತ ಕೇಳೋಕೆ ಸಂಕೋಚ ಬೇಡ. ಕೇಳಿದ್ದಕ್ಕೆ ನಿಮ್ಮ ಕಲೆಗೆ ಅವಮಾನ ಆಗಲ್ಲ.

ನನ್ನ ತಪ್ಪಿನ ವಿಷಯ ಬಾಕಿ ಇದೆ. ಮುಂದಿನ ವರ್ಷದ ರಾಜ್ಯೋತ್ಸವದ ಮೀಟಿಂಗ್‌ನಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ: "ಹಾಡೋರಿಗೆ ಎಷ್ಟು?" ಎಲ್ಲರೂ ನನ್ನ ಮುಖ ನೋಡಿದರು. ಬಜೆಟ್ ಶೀಟಿನಲ್ಲಿ ಸೆಟ್ ಇತ್ತು, ಹೂವು ಇತ್ತು, ಸ್ನ್ಯಾಕ್ಸ್ ಇತ್ತು. ಆ ಸಾಲೇ ಇರಲಿಲ್ಲ. ಕೊನೆಗೆ ಒಂದು ಸಾಲು ಸೇರಿತು. ಮೊತ್ತ ಹೇಳ್ಕೊಳ್ಳೋ ಹಾಗೇನೂ ಇಲ್ಲ, ಚಿಕ್ಕದು. ಅದೇ ಹುಡುಗನಿಗೆ ಫೋನ್ ಮಾಡಿದೆ. ಈ ಸಲ ಮೊದಲು ದುಡ್ಡಿನ ವಿಷಯ ಹೇಳಿದೆ, ಆಮೇಲೆ ತಾರೀಖು. ಹೋದ ವರ್ಷದ್ದೂ ಸೇರಿಸಿ ಕೊಡ್ತೀನಿ, ಅದು ನನ್ನ ಜೇಬಿನದು ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಅವನು ಹೇಳಿದ: "ಸಾರ್, ತಂಡದಲ್ಲಿ ಈಗ ಮೂರೇ ಜನ ಇದ್ದೀವಿ. ಡೋಲು ಬಾರಿಸ್ತಿದ್ದವನು ಗಾರ್ಮೆಂಟ್ಸ್‌ಗೆ ಹೋದ. ಅವನನ್ನೂ ಒಂದು ದಿನಕ್ಕೆ ಕರ್ಕೊಂಡ್ ಬರ್ಲಾ?"

ಕರ್ಕೊಂಡ್ ಬಾ ಅಂದೆ. ಆದರೆ ಒಂದು ದಿನದ ದುಡ್ಡಿಗೆ ಅವನು ಡೋಲಿಗೆ ವಾಪಸ್ ಬರಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೆ ನಾವು ಇನ್ನೂ ತುಂಬಾ ಜನ ಬೇಕು.

ಯೋಚನೆ ಮಾಡಿ.